ಐಗಳಿ ಕ್ರಾಸಿನಿಂದ ಮಿರಜಕ್ಕೆ: ಚಿಕಿತ್ಸೆಗಾಗಿ ಗಡಿ ದಾಟುವವರನ್ನು ಅಂಕಿಗಳಲ್ಲಿ ಅರಿಯುವ ಬಗೆ

ಬೆಳಗಿನ ಆರೂವರೆ. ಅಥಣಿ–ವಿಜಯಪುರ ರಸ್ತೆಯ ಐಗಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತವರ ನಡುವೆ ರೋಗಿ ಯಾರೆಂದು ಕೇಳಬೇಕಾಗಿಲ್ಲ. ಒಬ್ಬರ ಕಂಕುಳಲ್ಲಿ ಎಕ್ಸ್‌ರೇ ಇರುವ ದೊಡ್ಡ ಲಕೋಟೆ, ಅದು ಮಡಚಬಾರದೆಂದು ಹಿಂದೆ ಒಂದು ರಟ್ಟು. ಇನ್ನೊಂದು ಕೈಯಲ್ಲಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಗಂಟು. ಪಕ್ಕದಲ್ಲಿ ಬಿಸಿಲು ಬರುವ ಮೊದಲೇ ಕಣ್ಣಿಗೆ ಸೆರಗು ಅಡ್ಡ ಹಿಡಿದ ಮುದುಕಿ.

‘ಯಾವ ಕಡೆ ಹೊಂಟೀರಿ?’

‘ಮಿರಜಿಗ್ರಿ. ಅವ್ವನ ಕಣ್ಣು ತೋರಿಸೂದೈತಿ.’

‘ವಿಜಾಪುರ ಸನೇಕ ಆಗೂದಿಲ್ಲೇನ್ರಿ?’

‘ಸನೇಕ ಅದ ಆಗತೈತ್ರಿ. ಆದ್ರ ಅಲ್ಲಿ ಡಾಕ್ಟರ್ ಕೈಗುಣ ಛಲೋ ಐತಿ. ನಮ್ಮ ಅಜ್ಜನ ಕಾಲದಿಂದ ಅಲ್ಲೇ ತೋರಿಸಿಕೋತ ಬಂದೇವಿ.’

ಹಳ್ಳಿಯವರು ಎಲ್ಲೆಲ್ಲೂ ಕೊಡುವ ಉತ್ತರವಿದು. ಜನ ತಮ್ಮ ನಾಡನ್ನು ಬಿಟ್ಟು ಇನ್ನೊಂದು ನಾಡಿಗೆ ಚಿಕಿತ್ಸೆಗೆ ಏಕೆ ಹೋಗುತ್ತಾರೆ ಎಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳು ಇಂದು ಸಂಶೋಧನೆ ನಡೆಸುತ್ತಿವೆ. ಆ ಸಂಶೋಧನೆಗಳಲ್ಲಿ ಹೆಚ್ಚಿನವು ತೂಗಿ ನೋಡುವ ಸಂಗತಿಗಳು ಮೇಲಿನ ಎರಡು ಮಾತಿನಲ್ಲೇ ಇವೆ: ದೂರ, ನಂಬಿಕೆ, ಮನೆತನದ ರೂಢಿ. ಹೇಳದೆ ಉಳಿದವೂ ಇವೆ: ಹಣ ಎಲ್ಲಿಂದ ಬಂತು, ಜೊತೆಗೆ ಬರುವವರು ಯಾರು, ಅಲ್ಲಿ ಮಾತಿಗೆ ಯಾವ ಭಾಷೆ. ಇವುಗಳಲ್ಲಿ ಯಾವುದರ ತೂಕ ಎಷ್ಟು ಎಂದು ಬಿಡಿಸಿ ಹೇಳುವುದೇ ಸಂಖ್ಯಾಶಾಸ್ತ್ರೀಯ ಮಾದರಿಯ ಕೆಲಸ. ಐಗಳಿಯ ಜನ ದಾಟುವುದು ದೇಶದ ಗಡಿಯನ್ನಲ್ಲ, ಕರ್ನಾಟಕ–ಮಹಾರಾಷ್ಟ್ರಗಳ ನಡುವಿನ ರಾಜ್ಯದ ಗಡಿಯನ್ನು, ಪಾಸ್‌ಪೋರ್ಟ್ ಬೇಡ. ಆದರೆ ಆಚೆ ಸರ್ಕಾರ ಬೇರೆ, ಆರೋಗ್ಯ ಕಾರ್ಡಿನ ನಿಯಮ ಬೇರೆ, ಕಚೇರಿಯ ಭಾಷೆ ಬೇರೆ. ಆದ್ದರಿಂದ ಲೆಕ್ಕದ ಕಟ್ಟು ಎರಡೂ ಬಗೆಯ ಗಡಿಗೆ ಒಂದೇ.

ಮಿರಜ ದವಾಖಾನೆಯ ಊರಾದದ್ದು

ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಭೂಪಟವನ್ನು ಹರಡಿ ನೋಡಿದರೆ ವಿಷಯ ಅರ್ಧ ತಿಳಿಯುತ್ತದೆ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್, ಜಿಲ್ಲಾ ಕೇಂದ್ರ ಬೆಳಗಾವಿ ಅದರ ಹೆಚ್ಚುಕಡಿಮೆ ಎರಡು ಪಟ್ಟು. ಕಾಗವಾಡ ದಾಟಿ ಮ್ಹೈಸಾಳದ ಮೇಲೆ ಹಾಯ್ದರೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲೇ ಮಿರಜ. ಅಥಣಿಯವರಿಗೆ ಬೆಳಗಾವಿ ನೂರು ಕಿಲೋಮೀಟರಿಗಿಂತ ಎಷ್ಟೋ ಆಚೆ. ಮಿರಜ ಅದರ ಅರ್ಧವೂ ಅಲ್ಲ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದ ಜನಕ್ಕೆ ಲೋಂಡಾ–ಮಿರಜ ರೈಲು ಮನೆ ಬಾಗಿಲಿಗೇ ಬರುತ್ತದೆ.

ಆದರೆ ದೂರವೊಂದೇ ಮಿರಜವನ್ನು ಮಿರಜ ಮಾಡಲಿಲ್ಲ. ಕೆನಡಾ ಮೂಲದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಶಸ್ತ್ರಚಿಕಿತ್ಸೆಗೆ, ಅದರಲ್ಲೂ ಕಣ್ಣಿನ ಪೊರೆ ತೆಗೆಯುವುದಕ್ಕೆ ಆ ಆಸ್ಪತ್ರೆ ದೂರದೂರದವರೆಗೆ ಹೆಸರಾಯಿತು. ಸ್ಥಳೀಯರಿಗೆ ವೈದ್ಯಕೀಯ ಕಲಿಸುವ ಶಾಲೆಯೂ ಅದರ ಬೆನ್ನಿಗೇ ಹುಟ್ಟಿತು. 1928ರಲ್ಲಿ ಬ್ರಿಟಿಷ್ ಸರ್ಕಾರ ವಾನ್ಲೆಸ್ ಅವರಿಗೆ ಸರ್ ಪದವಿ ಕೊಟ್ಟಿತು. ಸಾಂಗಲಿ–ಮಿರಜ ನಡುವಿನ ವಾನ್ಲೆಸ್‌ವಾಡಿ ಎಂಬ ಹೆಸರು ಅವರ ನೆನಪಿನದು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಮಿರಜಕ್ಕೆ ಬಂತು. ಕಲಿತ ವೈದ್ಯರಲ್ಲಿ ಹಲವರು ಅಲ್ಲೇ ಬೋರ್ಡು ಹಾಕಿದರು. ಬೋರ್ಡು ಹೆಚ್ಚಿದಂತೆ ರೋಗಿ ಹೆಚ್ಚಿದರು, ರೋಗಿ ಹೆಚ್ಚಿದಂತೆ ಬೋರ್ಡು.

ಇನ್ನೊಂದನ್ನು ಮರೆಯಬಾರದು. 1956ರ ನವೆಂಬರ್ 1ರವರೆಗೆ ಈ ಗಡಿ ಇರಲೇ ಇಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮಿರಜಕ್ಕೆ ಹೋಗುವ ರೂಢಿಗೆ ಗಡಿಗಿಂತ ಅರವತ್ತು ವರ್ಷ ಹೆಚ್ಚು ವಯಸ್ಸು. ‘ಅಜ್ಜನ ಕಾಲದಿಂದ’ ಎಂಬುದು ಬಾಯಿಮಾತಲ್ಲ, ಇತಿಹಾಸ.

ದೂರವನ್ನು ತೂಗುವುದು

ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ 1850ರ ಸುಮಾರಿಗೆ ಮಾನಸಿಕ ಆಸ್ಪತ್ರೆಗಳ ದಾಖಲೆ ತೆಗೆದು, ರೋಗಿಗಳು ಯಾವ ಊರಿನವರೆಂದು ಎಣಿಸಿದರು. ಆಸ್ಪತ್ರೆಯಿಂದ ದೂರ ಸರಿದಂತೆ, ಜನಸಂಖ್ಯೆಗೆ ಹೋಲಿಸಿದರೆ ರೋಗಿಗಳ ಸಂಖ್ಯೆ ಇಳಿಯುತ್ತ ಹೋಗುತ್ತಿತ್ತು. ದೂರದ ಊರಲ್ಲಿ ಕಾಯಿಲೆ ಕಡಿಮೆಯೆಂದಲ್ಲ, ಆಸ್ಪತ್ರೆ ತಲುಪುವವರು ಕಡಿಮೆ. ಇದಕ್ಕೆ ಜಾರ್ವಿಸ್ ನಿಯಮವೆಂದೇ ಹೆಸರು.

ಮುಂದೆ ವ್ಯಾಪಾರಶಾಸ್ತ್ರದವರು ನ್ಯೂಟನ್ನನ ಗುರುತ್ವದಿಂದ ಒಂದು ಸೂತ್ರ ಎರವಲು ತಂದರು. ದೊಡ್ಡ ಪೇಟೆ ಹೆಚ್ಚು ಎಳೆಯುತ್ತದೆ, ದೂರದ ಪೇಟೆ ಕಡಿಮೆ ಎಳೆಯುತ್ತದೆ ಎಂಬ ಈ ಗುರುತ್ವ ಮಾದರಿಗೆ ವಿಲಿಯಂ ರೈಲಿ 1931ರಲ್ಲಿ ರೂಪ ಕೊಟ್ಟರು. 1960ರ ದಶಕದಲ್ಲಿ ಡೇವಿಡ್ ಹಫ್ ಅದನ್ನು ಸಂಭವನೀಯತೆಯ ಭಾಷೆಗೆ ತಿರುಗಿಸಿದರು. ಐಗಳಿಗೇ ಅನ್ವಯಿಸಿ ನೋಡೋಣ. ಮಿರಜ 75, ವಿಜಯಪುರ 55, ಬೆಳಗಾವಿ 160 ಕಿಲೋಮೀಟರ್ ಎಂದು ದುಂಡಾಗಿ ಹಿಡಿಯೋಣ. ಮೂರು ಊರುಗಳ ಆಸ್ಪತ್ರೆಗಳ ‘ಎಳೆತ’ಕ್ಕೆ ಕ್ರಮವಾಗಿ 10, 4, 12 ಅಂಕ ಕೊಡೋಣ, ಇವು ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು, ಯಾವ ಆಸ್ಪತ್ರೆಯ ಯೋಗ್ಯತೆಯ ಅಳತೆಯೂ ಅಲ್ಲ. ಪ್ರತಿ ಅಂಕವನ್ನು ದೂರದ ವರ್ಗದಿಂದ ಭಾಗಿಸಿ, ಮೂರರ ಮೊತ್ತದಲ್ಲಿ ಒಂದೊಂದರ ಪಾಲು ತೆಗೆದರೆ ಮಿರಜಕ್ಕೆ ಸುಮಾರು ಶೇ 50, ವಿಜಯಪುರಕ್ಕೆ 37, ಬೆಳಗಾವಿಗೆ 13 ಬರುತ್ತದೆ. ಹತ್ತಿರದ ಊರು ಸೋತು ನಡುವಿನದು ಗೆದ್ದಿತು. ಎಲ್ಲಕ್ಕಿಂತ ದೊಡ್ಡ ಅಂಕದ ಬೆಳಗಾವಿ ದೂರದಿಂದಾಗಿ ಹಿಂದೆ ಬಿತ್ತು.

ನಿಜವಾದ ಅಧ್ಯಯನದಲ್ಲಿ ಈ ಅಂಕಗಳನ್ನು ಸಂಶೋಧಕರು ತಾವೇ ಇಡುವುದಿಲ್ಲ. ಯಾವ ಊರಿಂದ ಯಾವ ಊರಿಗೆ ಎಷ್ಟು ರೋಗಿಗಳು ಹೋದರೆಂಬ ಎಣಿಕೆಯನ್ನು ಕೊಟ್ಟು, ಆ ಎಣಿಕೆಗೆ ಅತ್ಯಂತ ಹೊಂದುವ ಅಂಕಗಳನ್ನು ಕಂಪ್ಯೂಟರಿನಿಂದ ಹುಡುಕಿಸುತ್ತಾರೆ. ದೂರವನ್ನು ವರ್ಗ ಮಾಡಬೇಕೋ ಬೇಡವೋ ಎಂಬುದೂ ಎಣಿಕೆಯಿಂದಲೇ ತಿಳಿಯಬೇಕು. ಅನೇಕ ಹಳ್ಳಿಗಳಿಂದ ಒಬ್ಬರೂ ಹೋಗಿರುವುದಿಲ್ಲ. ಆ ಸೊನ್ನೆಗಳನ್ನು ಎಸೆದರೆ ಉತ್ತರ ಕೆಡುತ್ತದೆ. ಅದಕ್ಕಾಗಿ ಇಂಥ ಲೆಕ್ಕಕ್ಕೆ ಸೊನ್ನೆಯನ್ನೂ ಗೌರವಿಸುವ ಪಾಸಾನ್ ವಿಧಾನವನ್ನು ಬಳಸುವುದು 2006ರ ಬಳಿಕ ರೂಢಿಯಾಗಿದೆ.

ಕಿಲೋಮೀಟರ್ ಎಂಬುದೇ ಸರಿಯಾದ ಅಳತೆಯೇ ಎಂದೂ ಕೇಳಬೇಕು. ನಮ್ಮವರು ದೂರವನ್ನು ಹಾಗೆ ಅಳೆಯುವುದಿಲ್ಲ. ‘ಒಂದ ಬಸ್ಸಿನ ಹಾದಿ’, ‘ಎರಡ ಬಸ್ ಬದಲಿ ಮಾಡಬೇಕು’, ‘ಸಂಜೀಕ ಮನಿ ಮುಟ್ಟತೀವಿ’ ಎನ್ನುತ್ತಾರೆ. ಸಂಜೆಗೆ ಮನೆ ಮುಟ್ಟುವುದೋ ಇಲ್ಲವೋ ಎಂಬ ಒಂದೇ ಪ್ರಶ್ನೆ, ಎಮ್ಮೆ ಕಟ್ಟಿದ ಮನೆಗೆ, ನಲವತ್ತು ಕಿಲೋಮೀಟರಿಗಿಂತ ಭಾರ.

ಗಡಿಗೂ ಒಂದು ಅಂಕಿ

ಲೆಕ್ಕದೊಳಗೆ ಗಡಿಯನ್ನು ತರುವುದು ಸುಲಭ. ದಾರಿಯಲ್ಲಿ ಗಡಿ ಇದ್ದರೆ 1, ಇಲ್ಲದಿದ್ದರೆ 0 ಎಂದು ಒಂದು ಚರ ಸೇರಿಸುತ್ತಾರೆ. ದೂರ, ಗಾತ್ರ ಎಲ್ಲವನ್ನೂ ಕಳೆದ ಮೇಲೆ ಆ ಚರದ ಪಾಲಿಗೆ ಉಳಿಯುವ ತೂಕವೇ ಗಡಿಯ ತೂಕ. ಜಾನ್ ಮೆಕಲಮ್ 1995ರಲ್ಲಿ ಕೆನಡಾ–ಅಮೆರಿಕ ವ್ಯಾಪಾರದ ಮೇಲೆ ಹೀಗೆ ಲೆಕ್ಕ ಹಾಕಿದಾಗ ಅರ್ಥಶಾಸ್ತ್ರಜ್ಞರು ಬೆರಗಾದರು: ಕೆನಡಾದ ಒಂದು ಪ್ರಾಂತ್ಯ, ಅಷ್ಟೇ ದೂರದ, ಅಷ್ಟೇ ದೊಡ್ಡ ಅಮೆರಿಕದ ರಾಜ್ಯಕ್ಕಿಂತ ತನ್ನದೇ ದೇಶದ ಇನ್ನೊಂದು ಪ್ರಾಂತ್ಯದೊಡನೆ 22 ಪಟ್ಟು ಹೆಚ್ಚು ವ್ಯಾಪಾರ ಮಾಡುತ್ತಿತ್ತು. 2003ರಲ್ಲಿ ಲೆಕ್ಕವನ್ನು ತಿದ್ದಿದಾಗ ಆ ಸಂಖ್ಯೆ ಬಹಳ ಇಳಿಯಿತು. ಗಡಿ ತೂಗುತ್ತದೆ ಎಂಬ ಮಾತು ಮಾತ್ರ ಉಳಿಯಿತು.

ನಮ್ಮ ಗಡಿಯ ತೂಕ ಎಷ್ಟಿರಬಹುದು? ಹಣದ ಕಡೆಯಿಂದ ಅದು ಭಾರವೇ. ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ; ಅದರ ಲಾಭ ಪಡೆಯಲು ಸರ್ಕಾರಿ ಆಸ್ಪತ್ರೆಯ ಚೀಟಿ, ನೋಂದಾಯಿತ ಆಸ್ಪತ್ರೆ ಎಂಬೆಲ್ಲ ಷರತ್ತುಗಳಿವೆ. ಗಡಿ ದಾಟಿದವರು ಬಹಳ ಸಲ ಕೈಯಿಂದಲೇ ಕಟ್ಟುತ್ತಾರೆ. ಸಂಬಂಧದ ಕಡೆಯಿಂದ ನೋಡಿದರೆ ಗಡಿ ಹಗುರ. ಈ ಭಾಗದ ಒಣದ್ರಾಕ್ಷಿ ತಾಸಗಾಂವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಬೀಗತನ ಎರಡೂ ಕಡೆ ಇದೆ. ಅಥಣಿಯಲ್ಲಿ ಹೊಲಿದ ಚಪ್ಪಲಿಗೂ ಕೊಲ್ಹಾಪುರಿ ಎಂಬ ಹೆಸರೇ ಇದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಎರಡೂ ರಾಜ್ಯಗಳ ಜಿಲ್ಲೆಗಳಿಗೆ ಸೇರಿ ಸಿಕ್ಕದ್ದು. ಆಚೆಯಿಂದ ಈಚೆಗೂ ಜನ ಬರುತ್ತಾರೆ: ಜತ್ತ ತಾಲ್ಲೂಕಿನ ಪೂರ್ವದ ಕನ್ನಡದ ಹಳ್ಳಿಗಳಿಗೆ ವಿಜಯಪುರವೇ ಹತ್ತಿರ. ಒಂದೇ ಗಡಿ ಬಡವನಿಗೆ ಒಂದು ತೂಕ, ತೋಟದವನಿಗೆ ಇನ್ನೊಂದು ತೂಕ. ಇಡೀ ತಾಲ್ಲೂಕಿಗೆ ಒಂದೇ ಅಂಕಿ ಕೊಟ್ಟು ಮುಗಿಸುವ ಅಧ್ಯಯನವನ್ನು ನಾನು ನಂಬಲಾರೆ.

ಮನೆಯೊಳಗಿನ ಆಯ್ಕೆ

ಗುರುತ್ವ ಮಾದರಿ ಊರಿನ ಮಟ್ಟದಲ್ಲಿ ನಿಲ್ಲುತ್ತದೆ. ತೀರ್ಮಾನ ನಡೆಯುವುದು ಮನೆಯ ಪಡಸಾಲೆಯಲ್ಲಿ. ಆ ಮಟ್ಟಕ್ಕೆ ಇಳಿಯಲು ಎರಡು ಸಾಧನಗಳಿವೆ.

ಮೊದಲನೆಯದು ರೊನಾಲ್ಡ್ ಆ್ಯಂಡರ್ಸನ್ 1968ರಲ್ಲಿ ಕಟ್ಟಿದ ಚೌಕಟ್ಟು. ಚಿಕಿತ್ಸೆಗೆ ಹೋಗುವುದರ ಹಿಂದೆ ಮೂರು ಬಗೆಯ ಕಾರಣಗಳನ್ನು ಅವರು ಗುರುತಿಸಿದರು: ವಯಸ್ಸು, ಓದು, ನಂಬಿಕೆಯಂಥ ಮೊದಲೇ ಇರುವ ಒಲವು; ಹಣ, ವಿಮೆ, ವಾಹನ, ಜೊತೆಗಾರರಂಥ ಅನುಕೂಲ; ಕಾಯಿಲೆಯ ತೀವ್ರತೆ ಎಂಬ ಅಗತ್ಯ. ಎರಡನೆಯದು ಡೇನಿಯಲ್ ಮೆಕ್‌ಫ್ಯಾಡನ್ 1970ರ ದಶಕದಲ್ಲಿ ರೂಪಿಸಿದ ಆಯ್ಕೆ ಮಾದರಿ. ಅದಕ್ಕೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮನುಷ್ಯ ಪ್ರತಿ ಆಯ್ಕೆಗೂ ಮನಸ್ಸಿನಲ್ಲೇ ಒಂದು ತೂಕ ಕೊಡುತ್ತಾನೆ, ಹೆಚ್ಚು ತೂಗಿದ್ದನ್ನು ಆರಿಸುತ್ತಾನೆ, ನಮಗೆ ಕಾಣುವುದು ಆಯ್ಕೆ ಮಾತ್ರ. ಅನೇಕರ ಆಯ್ಕೆಗಳಿಂದ ಹಿಂದಕ್ಕೆ ನಡೆದು ತೂಕವನ್ನು ಕಂಡುಕೊಳ್ಳಬಹುದು ಎಂಬುದು ಅವರ ಹೊಳಹು.

ಗಡಿ ದಾಟುವ ರೋಗಿಗಳ ಮೇಲಿನ ಒಂದು ಒಳ್ಳೆಯ ಅಧ್ಯಯನ ಕ್ಯಾಲಿಫೋರ್ನಿಯಾದ್ದು. 2001ರ ಆರೋಗ್ಯ ಸಮೀಕ್ಷೆಯನ್ನು ಆಧರಿಸಿ ಸ್ಟೀವನ್ ವಾಲೆಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವರ್ಷದಲ್ಲಿ ಸುಮಾರು 9.52 ಲಕ್ಷ ವಯಸ್ಕರು ಚಿಕಿತ್ಸೆ, ಹಲ್ಲು, ಔಷಧಿಗಾಗಿ ಮೆಕ್ಸಿಕೊಗೆ ಹೋಗಿದ್ದರು, ಅವರಲ್ಲಿ 4.88 ಲಕ್ಷ ಜನ ಮೆಕ್ಸಿಕೊದಿಂದಲೇ ಬಂದು ನೆಲೆಸಿದವರು. ಈ ವಲಸಿಗರಲ್ಲಿ ಯಾರು ಹೆಚ್ಚು ಹೋಗುತ್ತಾರೆಂದು, ಹೌದು–ಇಲ್ಲ ಎಂಬ ಉತ್ತರದ ಹಿಂದಿನ ಕಾರಣಗಳನ್ನು ತೂಗುವ ಲಾಜಿಸ್ಟಿಕ್ ರಿಗ್ರೆಶನ್ನಿನಿಂದ ನೋಡಿದಾಗ ಕಾಯಿಲೆಯ ಅಗತ್ಯ, ವಿಮೆ ಇಲ್ಲದಿರುವುದು, ಇಂಗ್ಲಿಷ್ ಸರಿಯಾಗಿ ಬಾರದಿರುವುದು, ಈಚೆಗೆ ಬಂದವರಾಗಿರುವುದು ಎದ್ದು ಕಂಡವು. ಹಣದ ಜೊತೆಜೊತೆಗೇ ಭಾಷೆ ಬಂದು ನಿಂತದ್ದನ್ನು ಗಮನಿಸಬೇಕು. ಹೊಟ್ಟೆಯ ನೋವು ‘ಚುಚ್ಚಿದಂಗ’ ಆಗುತ್ತದೋ ‘ಹಿಂಡಿದಂಗ’ ಆಗುತ್ತದೋ ಎಂದು ಹೇಳಿಕೊಳ್ಳಲು ತನ್ನ ಮಾತು ಬೇಕು. ಮಿರಜದಲ್ಲಿ ಕನ್ನಡ ತಿಳಿಯುವವರು ಸಿಗದಿದ್ದರೆ ಐಗಳಿಯ ಮುದುಕಿ ಅಲ್ಲಿಗೆ ಹೋಗುತ್ತಿದ್ದಳೇ ಎಂಬುದು ಮಾದರಿಗೆ ಹಾಕಬೇಕಾದ ಪ್ರಶ್ನೆ.

ಇಂಥ ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ‘ವಿಮೆ ಇಲ್ಲದವರು ಹೋಗುವ ಪಣ ಎರಡು ಪಟ್ಟು’ ಎಂದರೆ ಹೋಗುವವರು ಎರಡು ಪಟ್ಟು ಎಂದಲ್ಲ. ವಿಮೆ ಇರುವ ಐವರಲ್ಲಿ ಒಬ್ಬ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಹೋಗುವವನು ಒಬ್ಬ, ಉಳಿಯುವವರು ನಾಲ್ವರು. ಪಣ 1ಕ್ಕೆ 4. ಅದು ಎರಡು ಪಟ್ಟಾದರೆ 2ಕ್ಕೆ 4, ಅಂದರೆ ಆರರಲ್ಲಿ ಇಬ್ಬರು. ಶೇ 20 ಇದ್ದದ್ದು 33 ಆಯಿತು, 40 ಅಲ್ಲ. ಪತ್ರಿಕೆಗಳು ಇಲ್ಲಿ ಮತ್ತೆ ಮತ್ತೆ ಎಡವುತ್ತವೆ.

ಮೆಕ್‌ಫ್ಯಾಡನ್ ಮಾದರಿಗೆ ತನ್ನದೇ ಒಂದು ಕುಂದಿದೆ. ಕೆಂಪು ಬಸ್ಸು–ನೀಲಿ ಬಸ್ಸಿನ ಸಮಸ್ಯೆ ಎಂದು ಅದಕ್ಕೆ ಹೆಸರು. ಊರಿನ ಅರ್ಧ ಜನ ಮಿರಜದ ಒಂದು ಆಸ್ಪತ್ರೆಗೆ, ಅರ್ಧ ವಿಜಯಪುರಕ್ಕೆ ಹೋಗುತ್ತಾರೆನ್ನಿ. ಮಿರಜದ ಅದೇ ಓಣಿಯಲ್ಲಿ ಅಂಥದೇ ಇನ್ನೊಂದು ಆಸ್ಪತ್ರೆ ತೆರೆಯಿತು. ಸಾದಾ ಮಾದರಿ ಮೂರಕ್ಕೂ ಮೂರನೇ ಒಂದು ಪಾಲು ಹಂಚುತ್ತದೆ. ನಿಜದಲ್ಲಿ ಹೊಸ ಆಸ್ಪತ್ರೆ ಕಸಿದುಕೊಳ್ಳುವುದು ಪಕ್ಕದ ಹಳೆಯದರ ರೋಗಿಗಳನ್ನೇ. ವಿಜಯಪುರದ ಅರ್ಧ ಅಲುಗುವುದು ಕಡಿಮೆ. ಅದಕ್ಕಾಗಿ ಮೊದಲು ಊರು, ಆಮೇಲೆ ಊರೊಳಗಿನ ಆಸ್ಪತ್ರೆ ಎಂದು ಎರಡು ಮೆಟ್ಟಿಲಿನ ಮಾದರಿ ಕಟ್ಟುತ್ತಾರೆ. ನಮ್ಮ ಮಾತೂ ಹಾಗೇ ಇದೆಯಲ್ಲ: ‘ಮಿರಜಿಗೆ ಹೋಗೂಣು’ ಎಂದು ಮೊದಲು ನಿಶ್ಚಯ, ಯಾವ ಡಾಕ್ಟರ್ ಎಂಬುದು ಬಸ್ಸಿನಲ್ಲಿ.

ಕಾಯಿಲೆಗಳನ್ನೂ ಒಟ್ಟಿಗೆ ಕಲಸಬಾರದು. ಎದೆನೋವು ಬಂದವರನ್ನು ಮೊದಲು ಅಥಣಿಗೇ ಒಯ್ಯುತ್ತಾರೆ. ಅಲ್ಲಿ ದೂರವೇ ದೇವರು. ಕಣ್ಣಿನ ಪೊರೆ, ಮೊಣಕಾಲು, ಗರ್ಭಕೋಶದ ಆಪರೇಶನ್ನು ಕಾಯುತ್ತವೆ. ಒಣದ್ರಾಕ್ಷಿ ಮಾರುವವರೆಗೆ, ಕಬ್ಬಿನ ಬಿಲ್ಲು ಬರುವವರೆಗೆ ಕಾಯುತ್ತವೆ. ತಿಂಗಳನ್ನೂ ಒಂದು ಚರವಾಗಿ ಸೇರಿಸದ ಲೆಕ್ಕಕ್ಕೆ ಇದು ಕಾಣುವುದಿಲ್ಲ.

ಕೈಗುಣವನ್ನು ಅಳೆಯಲಾದೀತೇ

‘ಕೈಗುಣ’ ಎಂಬ ಮಾತಿಗೆ ಸಂಖ್ಯಾಶಾಸ್ತ್ರದಲ್ಲಿ ಒಂದು ಜಾಗವಿದೆ. ನೇರವಾಗಿ ಕಾಣದ, ಆದರೆ ಪರಿಣಾಮದಿಂದ ತಿಳಿಯುವ ಸಂಗತಿಯನ್ನು ಅಗೋಚರ ಚರ ಎನ್ನುತ್ತಾರೆ. ಬುದ್ಧಿಮತ್ತೆ, ನಂಬಿಕೆ, ತೃಪ್ತಿ ಇವೆಲ್ಲ ಆ ಜಾತಿಯವು. ಒಂದೇ ಪ್ರಶ್ನೆಯಿಂದ ಇವು ಸಿಗುವುದಿಲ್ಲ. ‘ಡಾಕ್ಟರು ಹೇಳಿದ್ದು ನಿಮಗೆ ತಿಳಿಯಿತೇ?’, ‘ಬೇಡದ ತಪಾಸಣೆ ಬರೆದರು ಅನ್ನಿಸಿತೇ?’, ‘ಮನೆಯವರನ್ನು ಮತ್ತೆ ಅಲ್ಲಿಗೇ ಕಳಿಸುವಿರಾ?’ ಎಂಬಂಥ ನಾಲ್ಕಾರು ಪ್ರಶ್ನೆ ಕೇಳಿ, ಉತ್ತರಗಳು ಒಂದಕ್ಕೊಂದು ಎಷ್ಟು ಜೊತೆಯಾಗಿ ಏರಿಳಿಯುತ್ತವೆಂದು ನೋಡುತ್ತಾರೆ. ಜೊತೆಯಾಗಿ ಚಲಿಸಿದರೆ ಹಿಂದೆ ಒಂದೇ ಬೇರು ಇದೆ ಎಂದು ಊಹೆ. ಆ ಬೇರು ಆಯ್ಕೆಯ ಮೇಲೆ ಎಷ್ಟು ಬಲ ಬೀರುತ್ತದೆಂದು ತೋರುವುದು ರಚನಾತ್ಮಕ ಸಮೀಕರಣ ಮಾದರಿ. ವೈದ್ಯಕೀಯ ಪ್ರವಾಸದ ಅಧ್ಯಯನಗಳಲ್ಲಿ ಇದರ ಬಳಕೆ ಈಗ ಬಹಳ.

ನನ್ನ ತಕರಾರು ಇಷ್ಟೇ: ಪ್ರಶ್ನೆಗಳು ಬೇರೆಲ್ಲಿಂದಲೋ ಬರುತ್ತವೆ. ಇಂಗ್ಲಿಷಿನ ಪ್ರಶ್ನಾವಳಿಯ ‘ಗುಣಮಟ್ಟ’ ಬೇರೆ, ನಮ್ಮ ‘ಕೈಗುಣ’ ಬೇರೆ. ಕೈಗುಣದಲ್ಲಿ ವೈದ್ಯನ ವಿದ್ಯೆಯಿದೆ, ಮಾತಿನ ಮೆದುತನವಿದೆ, ಹಿಂದೆ ನಮ್ಮವರೊಬ್ಬರು ಗುಣವಾಗಿ ಬಂದ ನೆನಪಿದೆ. ಅದು ವೈದ್ಯನೊಬ್ಬನ ಗುಣವೂ ಅಲ್ಲ, ವೈದ್ಯನಿಗೂ ಮನೆತನಕ್ಕೂ ನಡುವಿನದು. ಪ್ರಶ್ನೆಗಳನ್ನು ಐಗಳಿಯ ಕಟ್ಟೆಯ ಮೇಲೆ ಕೂತು ಜನರ ಮಾತಿನಿಂದಲೇ ಕಟ್ಟಬೇಕು.

ದಾರಿ ಮುಚ್ಚಿದಾಗ, ದಾರಿ ತೆರೆದಾಗ

ಒಂದು ಕಾರಣದ ನಿಜವಾದ ಬಲ ಅದು ಥಟ್ಟನೆ ಬದಲಾದಾಗ ತಿಳಿಯುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಭಯದಿಂದ ಕರ್ನಾಟಕವು ಕೇರಳದ ಕಾಸರಗೋಡಿನ ಕಡೆಯ ದಾರಿಗಳನ್ನು ಮುಚ್ಚಿತು. ಕಾಸರಗೋಡು, ಮಂಜೇಶ್ವರದ ಜನ, ಅವರಲ್ಲಿ ಎಷ್ಟೋ ಕನ್ನಡಿಗರು, ದೊಡ್ಡ ಕಾಯಿಲೆಗೆಲ್ಲ ಮಂಗಳೂರನ್ನೇ ನಂಬಿದ್ದರು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ತಡೆದು ನಿಂತವು, ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. 2013ರಲ್ಲಿ ಅಡಿಗಲ್ಲು ಬಿದ್ದಿದ್ದ, ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಗಡಿಯ ತೂಕ ಎಷ್ಟೆಂದು ಅಲ್ಲಿಯ ಜನ ಯಾವ ಸಮೀಕರಣವೂ ಇಲ್ಲದೆ ತಿಳಿದರು.

ದೇಶದ ಮಟ್ಟದಲ್ಲೂ ಇದೇ ಕಂಡಿದೆ. 2019ರಲ್ಲಿ ಸುಮಾರು 6.97 ಲಕ್ಷ ವಿದೇಶಿಯರು ಚಿಕಿತ್ಸೆಗೆಂದು ಭಾರತಕ್ಕೆ ಬಂದಿದ್ದರು. ಅತಿ ಹೆಚ್ಚಿನವರು ಬಾಂಗ್ಲಾದೇಶದವರು. 2024ರ ಆಗಸ್ಟ್ ಬಳಿಕ ಅವರಿಗೆ ವೀಸಾ ಬಿಗಿಯಾದಾಗ ಕೋಲ್ಕತ್ತದ ಆಸ್ಪತ್ರೆಗಳಿಗೆ ಬರುವ ಬಾಂಗ್ಲಾದೇಶದ ರೋಗಿಗಳ ಸಂಖ್ಯೆ ತೀರ ಇಳಿಯಿತು. ಕಾಯಿಲೆ ಬದಲಾಗಿರಲಿಲ್ಲ, ಅಲ್ಲಿನ ವೈದ್ಯರೂ ಬದಲಾಗಿರಲಿಲ್ಲ.

ನಮ್ಮ ಗಡಿಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಹೇಳುವ 865 ಊರುಗಳ ಜನರಿಗೆ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಚಾಚಲು ತೀರ್ಮಾನಿಸಿತು. ಕರ್ನಾಟಕ ಆಕ್ಷೇಪಿಸಿತು. ರಾಜಕೀಯದ ಮಾತು ಅತ್ತ ಇರಲಿ. ಸಂಖ್ಯಾಶಾಸ್ತ್ರಕ್ಕೆ ಇದು ಅಪರೂಪದ ಅವಕಾಶ. ಪಟ್ಟಿಯಲ್ಲಿರುವ ಊರು, ಪಕ್ಕದ ಪಟ್ಟಿಯಲ್ಲಿಲ್ಲದ ಊರು ಎರಡರಲ್ಲೂ 2023ಕ್ಕೆ ಮೊದಲು ಎಷ್ಟು ಜನ ದಾಟುತ್ತಿದ್ದರು, ಬಳಿಕ ಎಷ್ಟು ಎಂದು ಎಣಿಸಿ, ಮೊದಲನೆಯದರ ಏರಿಕೆಯಿಂದ ಎರಡನೆಯದರ ಏರಿಕೆಯನ್ನು ಕಳೆಯಬೇಕು. ಉಳಿದದ್ದು ಯೋಜನೆಯ ಪಾಲು. ಪಟ್ಟಿಯ ಊರುಗಳಲ್ಲಿ ಮರಾಠಿ ಮಾತು ಹೆಚ್ಚು, ಅವರು ಮೊದಲಿಂದಲೇ ಹೆಚ್ಚು ಹೋಗುತ್ತಿದ್ದಿರಬಹುದು. ಕಳೆಯುವಾಗ ಆ ಹಳೆಯ ಅಂತರ ತಾನೇ ಹೊರಟುಹೋಗುತ್ತದೆ. ಎರಡೂ ಕಡೆಯ ಏರಿಕೆ ಮೊದಲು ಒಂದೇ ಓಟದಲ್ಲಿ ಇತ್ತೆಂದು ತೋರಿಸಿದರೆ ಸಾಕು.

ಹೋಗದವರ ಎಣಿಕೆ

ಈ ಬಗೆಯ ಅಧ್ಯಯನ ಮಾಡುವವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಕೂತು ರೋಗಿಗಳನ್ನು ಮಾತಾಡಿಸುತ್ತಾರೆ. ಸುಲಭ, ಅಗ್ಗ. ಆದರೆ ಮಿರಜದ ಬಾಕಿನ ಮೇಲೆ ಕೂತವರೆಲ್ಲ ಮಿರಜಕ್ಕೆ ಬಂದವರೇ. ‘ಏಕೆ ಬಂದಿರಿ?’ ಎಂದರೆ ‘ಡಾಕ್ಟರ್ ಛಲೋ’ ಎನ್ನುತ್ತಾರೆ. ಅದೇ ಡಾಕ್ಟರನ್ನು ಒಳ್ಳೆಯವರೆಂದು ನಂಬಿಯೂ ಬಾರದೆ ಉಳಿದವರು ಎಷ್ಟೆಂಬುದು ಅಲ್ಲಿ ತಿಳಿಯುವುದಿಲ್ಲ. ಆಸ್ಪತ್ರೆಯೊಳಗಿನ ಸ್ಯಾಂಪಲ್ ಇಲ್ಲದ ನಂಟುಗಳನ್ನೂ ಇದ್ದಂತೆ ತೋರಿಸುತ್ತದೆ ಎಂದು ಮೇಯೊ ಕ್ಲಿನಿಕ್ಕಿನ ವೈದ್ಯ–ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲೇ ಎಚ್ಚರಿಸಿದ್ದರು.

ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆ ಮನೆಗಳಿಗೆ ಹೋಗುತ್ತದೆ. 2017–18ರ 75ನೇ ಸುತ್ತಿನಲ್ಲಿ ಅದು 1,13,823 ಮನೆಗಳನ್ನು ಮುಟ್ಟಿತು. 365 ದಿನಗಳಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾದರೇ, ದಾಖಲಾದದ್ದು ಇದೇ ಜಿಲ್ಲೆಯಲ್ಲೋ, ಬೇರೆ ಜಿಲ್ಲೆಯಲ್ಲೋ, ಬೇರೆ ರಾಜ್ಯದಲ್ಲೋ ಎಂದು ಕೇಳಿತು. ಆದರೆ ದೇಶಕ್ಕೆಲ್ಲ ಹರಡಿದ ಆ ಸ್ಯಾಂಪಲ್ಲಿನಲ್ಲಿ ಒಂದು ತಾಲ್ಲೂಕಿಗೆ ಬರುವುದು ಬೆರಳೆಣಿಕೆಯ ಮನೆ. ಐಗಳಿಯ ಲೆಕ್ಕ ಐಗಳಿಯಲ್ಲೇ ಆಗಬೇಕು: ಊರಿನ ಮನೆಗಳ ಪಟ್ಟಿ ಹಿಡಿದು, ಚೀಟಿ ಎತ್ತಿ ಮನೆ ಆರಿಸಿ, ಮಿರಜಕ್ಕೆ ಹೋದವರು, ವಿಜಯಪುರಕ್ಕೆ ಹೋದವರು, ಅಥಣಿಯಲ್ಲೇ ತೋರಿಸಿಕೊಂಡವರು, ಎಲ್ಲಿಗೂ ಹೋಗದವರು ಎಲ್ಲರಿಗೂ ಅವೇ ಪ್ರಶ್ನೆ ಕೇಳಬೇಕು.

ಆ ಕೊನೆಯವರೇ ಸಿಗುವುದು ಕಷ್ಟ. ಮೂರು ವರ್ಷದಿಂದ ಗಂಟಲಲ್ಲಿ ಗಂಟು ಇಟ್ಟುಕೊಂಡು ‘ಈ ಸುಗ್ಗಿ ಮುಗೀಲಿ’ ಎನ್ನುವ ಹೆಣ್ಣುಮಗಳು ಹಗಲು ಮನೆಯಲ್ಲಿ ಇರುವುದಿಲ್ಲ. ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ನಡೆದಿರುತ್ತದೆ, ಆಕೆ ಯಾರದೋ ತೋಟದಲ್ಲಿ ಕತ್ತರಿ ಹಿಡಿದಿರುತ್ತಾಳೆ. ಬಾಗಿಲು ಹಾಕಿದ ಮನೆಗೆ ‘ಉತ್ತರವಿಲ್ಲ’ ಎಂದು ಬರೆದು ಮುಂದಿನ ಮನೆಗೆ ಹೋದರೆ ಲೆಕ್ಕದಿಂದ ಆಕೆಯೇ ತಪ್ಪಿಹೋಗುತ್ತಾಳೆ. ಫಾರಮು ಹಿಡಿದವರು ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಆ ಬಾಗಿಲಿಗೆ ಬರಬೇಕು, ಆಕೆ ಒಲೆ ಹೊತ್ತಿಸಿ ಕೂತಾಗ.